ಮತ ಎಣಿಕೆಯ ಮರುದಿನ

ಮತವನ್ನು ಹೇಗೆ ಹಾಕಬೇಕು, ಹೇಗೆ ಎಣಿಸಬೇಕು, ಎಣಿಕೆಯಲ್ಲಿ ಸಂದೇಹ ಬಂದರೆ ಯಾರಲ್ಲಿ ದೂರಬೇಕು ಎಂಬದಕ್ಕೆಲ್ಲ ಕಾಯದೆಯುಂಟು. ಆದರೆ ಎಣಿಸಿದ ಮರುದಿನ ಗೆದ್ದವನು ಸೋತವನ ಮನೆಯ ಮುಂದೆ ಹೇಗೆ ಹಾದುಹೋಗಬೇಕು, ಸೋತವನು ಗೆದ್ದವನ ಮನೆಯ ಮದುವೆಗೆ ಹೋಗಬೇಕೋ ಬಿಡಬೇಕೋ ಎಂಬದಕ್ಕೆ ಯಾವ ಕಾಯದೆಯೂ ಇಲ್ಲ. ಮತಗಳ ಅಂತರವು ಕಿರಿದಾದಷ್ಟೂ ಈ ಮರುದಿನವು ಕಠಿಣವಾಗುವದು. ಬಹಳ ಮತಗಳಿಂದ ಸೋತವನು ತನ್ನ ಸೋಲನ್ನು ದೈವೇಚ್ಛೆಯೆಂದು ನುಂಗಿಕೊಳ್ಳುವನು. ನಾಲ್ಕೇ ಮತಗಳಿಂದ ಸೋತವನು ಆ ನಾಲ್ಕು ಮತಗಳು ಯಾವ ಓಣಿಯಲ್ಲಿ, ಯಾರ ಮನೆಯಲ್ಲಿ ತಪ್ಪಿದವೆಂದು ಲೆಕ್ಕ ಹಾಕುತ್ತ ಕೂಡುವನು. ಆ ಲೆಕ್ಕದಿಂದಲೇ ವೈರವು ಮೊಳೆಯುವದು.

ನಮ್ಮ ಮೇಡ್ಲೇರಿಯ ಸುತ್ತಲಿನ ಸೀಮೆಯ ಗೃಹಸ್ಥರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದ ಅವಶ್ಯಕತೆ ಇಲ್ಲ. ಗ್ರಾಮ ಪಂಚಾಯತಿಯ ಚುನಾವಣೆಗಳು ನಮ್ಮ ರಾಜ್ಯದಲ್ಲಿ ಪಕ್ಷಗಳ ಚಿಹ್ನೆಗಳಿಲ್ಲದೆ ನಡೆಯುವವು. ಇಬ್ಬರಿಗೆ ಸರಿಸಮನಾಗಿ ಮತಗಳು ಬಿದ್ದರೆ ಚೀಟಿಯೆತ್ತಿ ನಿರ್ಣಯಿಸುವರು. ಊರೊಳಗೆ ಪಕ್ಷಭೇದವು ಹುಟ್ಟಬಾರದೆಂಬದೇ ಈ ಏರ್ಪಾಡಿನ ಆಶಯವು. ಆದರೆ ಪಕ್ಷವಿಲ್ಲದಲ್ಲಿ ಓಣಿಯೇ ಪಕ್ಷವಾಗುವದು, ಮನೆತನವೇ ಚಿಹ್ನೆಯಾಗುವದು. ೨೦೨೦ನೆಯ ಇಸವಿಯ ಡಿಸೆಂಬರ ೨೨ ಹಾಗೂ ೨೭ನೆಯ ತಾರೀಖುಗಳಂದು ರಾಜ್ಯದಲ್ಲೆಲ್ಲ ಪಂಚಾಯತಿಗಳ ಮತದಾನವಾಯಿತಷ್ಟೆ. ಅಂಥ ಮತದಾನಗಳ ಬಳಿಕ ಎಷ್ಟೋ ಹಳ್ಳಿಗಳಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರ ಚಹಾದಂಗಡಿಯನ್ನು ಮೆಟ್ಟದಂತಾಗುವದನ್ನೂ, ತಲೆಮಾರುಗಳಿಂದ ತೆರೆದಿದ್ದ ಬಂಡಿದಾರಿಗೆ ಮುಳ್ಳು ಬೀಳುವದನ್ನೂ, ಅಣ್ಣನ ಮನೆಯ ಸೀಮಂತಕ್ಕೆ ತಮ್ಮನ ಹೆಂಡತಿ ಹೋಗದೆ ಉಳಿಯುವದನ್ನೂ ನಾವೆಲ್ಲ ಕಂಡವರೇ. ಆರಿಸಿ ಬಂದವರ ಅವಧಿ ಐದು ವರ್ಷ. ವೈರದ ಅವಧಿಯನ್ನು ಮಾತ್ರ ಯಾರೂ ಗೊತ್ತುಮಾಡಿಲ್ಲ.

ಒಂದು ಊರಿನ ಸದಸ್ಯನನ್ನು ಆರಿಸುವಲ್ಲಿಯೇ ಹೀಗಾದರೆ, ಒಂದು ನಾಡಿನ ಸಮಸ್ತ ಜನರ ಮುಂದೆ ಒಂದೇ ಪ್ರಶ್ನೆಯನ್ನಿಟ್ಟು “ಅಹುದೋ ಅಲ್ಲವೋ ಹೇಳಿರಿ” ಎಂದು ಕೇಳಿದರೆ ಏನಾದೀತು? ಇದಕ್ಕೆ ಜನಮತ ಸಂಗ್ರಹವೆಂದು ಹೆಸರು. ಇದು ಸಾಮಾನ್ಯ ಚುನಾವಣೆಯಂತಲ್ಲ. ಸಾಮಾನ್ಯ ಚುನಾವಣೆಯಲ್ಲಿ ಈ ಸಲ ಸೋತವನಿಗೆ ಐದು ವರ್ಷಗಳ ಮೇಲೆ ಮತ್ತೊಂದು ಅವಕಾಶ ಉಂಟು. ಜನಮತ ಸಂಗ್ರಹದಲ್ಲಿ ಸೋತವನಿಗೆ ಬಾಗಿಲು ಎಂದೆಂದಿಗೂ ಮುಚ್ಚಿತೆಂದು ತೋರುವದು. ಕಾರಣ ಅದರ ಬೆನ್ನಿಗೆ ಬರುವ ಕೋಪವೂ ದೊಡ್ಡದು. ನಮ್ಮ ದೇಶದಲ್ಲಿ ಇಂಥ ರಾಷ್ಟ್ರವ್ಯಾಪಿ ಜನಮತ ಸಂಗ್ರಹಕ್ಕೆ ಸಂವಿಧಾನದಲ್ಲಿ ಎಡೆಯಿಲ್ಲ. ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಧಾರವಾಡ ಜಿಲ್ಲೆಯು, ಅದರೊಡನೆ ಅಂದು ಅದರೊಳಗೇ ಇದ್ದ ನಮ್ಮ ರಾಣೇಬೆನ್ನೂರು ತಾಲೂಕೂ, ೧೯೫೬ನೆಯ ಇಸವಿಯ ನವೆಂಬರ ೧ನೆಯ ತಾರೀಖಿಗೆ ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದ್ದು ಮತಪೆಟ್ಟಿಗೆಯಿಂದಲ್ಲ. ದೀರ್ಘಕಾಲದ ಏಕೀಕರಣ ಚಳವಳಿ, ಆಯೋಗದ ವರದಿ, ಪಾರ್ಲಿಮೆಂಟಿನ ಕಾಯದೆ ಇವುಗಳಿಂದ. ಆದರೆ ನಮ್ಮ ನೆರೆಯ ಒಂದು ಸೀಮೆಯ ಜನರಿಗೆ ಈ ಪ್ರಶ್ನೆಯನ್ನು ನೇರವಾಗಿ ಕೇಳಿದ್ದುಂಟು. ಅದು ಗೋವೆ.

ಗೋವೆಯು ನಮಗೆ ಪರಸ್ಥಳವಲ್ಲ. ಒಂದು ಕಾಲಕ್ಕೆ ಅಲ್ಲಿ ಆಳಿದ ಕದಂಬರೂ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿ ಆಳಿದ ಕದಂಬರೂ ಒಂದೇ ವಂಶದ ಕವಲುಗಳು. ಇಂದಿಗೂ ಉತ್ತರ ಕರ್ನಾಟಕದ ಸಾವಿರಾರು ಜನರು ದುಡಿಮೆಗಾಗಿ ಘಟ್ಟವಿಳಿದು ಅಲ್ಲಿ ಹೋಗಿ ನೆಲೆಸಿದ್ದಾರೆ. ಆ ಸೀಮೆಯು ಪೋರ್ತುಗೀಜರ ಆಳಿಕೆಯಿಂದ ೧೯೬೧ನೆಯ ಇಸವಿಯ ಡಿಸೆಂಬರ ೧೯ನೆಯ ತಾರೀಖಿಗೆ ಬಿಡುಗಡೆಯಾಯಿತು. ಬಿಡುಗಡೆಯ ಬೆನ್ನಿಗೇ ಒಂದು ಪ್ರಶ್ನೆ ಎದ್ದಿತು: ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಇಲ್ಲವೆ ಕೇಂದ್ರಾಡಳಿತದ ಪ್ರತ್ಯೇಕ ಪ್ರದೇಶವಾಗಿಯೇ ಉಳಿಯಬೇಕೋ?

ವಿಲೀನವನ್ನು ಬೇಡಿದವರ ಮುಖಂಡರು ದಯಾನಂದ ಬಾಂದೋಡಕರರು. ಅವರದು ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ. ವಿಲೀನವನ್ನು ವಿರೋಧಿಸಿದವರ ಮುಖಂಡರು ಡಾಕ್ಟರ ಜಾಕ್ ಡಿ ಸಿಕ್ವೇರಾ ಅವರು. ಅವರದು ಯುನಾಯಿಟೆಡ್ ಗೋವನ್ಸ್ ಪಕ್ಷ. ಇವರಲ್ಲಿ ಒಂದು ಪಕ್ಷವು ಧರ್ಮ, ಇನ್ನೊಂದು ಅಧರ್ಮ ಎಂದು ವಿಭಾಗಿಸಲು ಬಾರದು. ವಿಲೀನವನ್ನು ಬಯಸಿದವರಲ್ಲಿ ಬಡ ಒಕ್ಕಲುಗಳು ಬಹಳವಾಗಿದ್ದರು. ಜಮೀನುದಾರರ ಕೈಕೆಳಗೆ ತಲೆತಲಾಂತರ ದುಡಿದ ಅವರಿಗೆ, ದೊಡ್ಡ ರಾಜ್ಯವನ್ನು ಸೇರಿದರೆ ಭೂಸುಧಾರಣೆಯೂ ವಿದ್ಯೆಯೂ ತಮ್ಮ ಮನೆಬಾಗಿಲಿಗೆ ಬರುವವೆಂಬ ಆಶೆಯಿತ್ತು. ಮರಾಠಿಯು ಅವರ ಭಜನೆಯ ಹಾಗೂ ಶಾಲೆಯ ಭಾಷೆಯಾಗಿತ್ತು. ಇತ್ತ ವಿರೋಧಿಸಿದವರಿಗೆ, ಸಣ್ಣ ಸೀಮೆಯು ದೊಡ್ಡ ರಾಜ್ಯದಲ್ಲಿ ಬಿದ್ದರೆ ಸಮುದ್ರದಲ್ಲಿ ಬಿದ್ದ ಉಪ್ಪಿನ ಹರಳಿನಂತೆ ಕರಗಿಹೋದೀತು, ತಮ್ಮ ಕೊಂಕಣಿಯನ್ನು ಕೇಳುವವರಿಲ್ಲದಾಗುವರು ಎಂಬ ಭಯವಿತ್ತು. ಆಶೆಯೂ ನಿಜ, ಭಯವೂ ನಿಜ. ಇಬ್ಬರೂ ತಮ್ಮ ಮಕ್ಕಳ ಹಿತವನ್ನೇ ಚಿಂತಿಸುತ್ತಿದ್ದರು.

ಹೀಗಿದ್ದರೂ ವಾದವು ಏರಿದಂತೆ ನಾಲಗೆಗಳು ಸಡಿಲವಾದವು. ವಿಲೀನವಾದಿಗಳ ಕಣ್ಣಿಗೆ ಎದುರಾಳಿಗಳು ಪೋರ್ತುಗೀಜರ ಪಕ್ಷಪಾತಿಗಳಾಗಿ ಕಂಡರು. ಎದುರಾಳಿಗಳ ಕಣ್ಣಿಗೆ ವಿಲೀನವಾದಿಗಳು ತಾಯಿಯನ್ನು ಮಾರುವವರಾಗಿ ಕಂಡರು. ಪತ್ರಿಕೆಗಳು ಎರಡಾದವು, ಹಾಡುಗಳು ಎರಡಾದವು, ಸಭೆಗಳು ಎರಡಾದವು. ಇಷ್ಟಾದರೂ ಒಂದು ಕೆಲಸವನ್ನು ಅವರು ಕ್ರಮವಾಗಿ ಮಾಡಿದರು. ಅಧಿಕಾರದಲ್ಲಿದ್ದ ಪಕ್ಷವೇ ಮತವನ್ನು ನಡೆಯಿಸಿದರೆ ನ್ಯಾಯವು ಸಂದೇಹಕ್ಕೀಡಾಗುವದೆಂಬ ಆಕ್ಷೇಪಣೆ ಬಂದಿತು. ಬಾಂದೋಡಕರರು ಮುಖ್ಯಮಂತ್ರಿಗಳಾಗಿದ್ದರು, ಅವರ ಮಂತ್ರಿಮಂಡಲವು ೧೯೬೬ನೆಯ ಇಸವಿಯ ಡಿಸೆಂಬರದಲ್ಲಿ ರಾಜೀನಾಮೆಯಿತ್ತು ಅಧಿಕಾರದಿಂದ ಇಳಿಯಿತು. ಪಾರ್ಲಿಮೆಂಟು ಇದಕ್ಕೆಂದೇ ಒಂದು ಕಾಯದೆಯನ್ನು ಮಾಡಿತು. ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕ ಪ್ರದೇಶಕ್ಕೆ ಎರಡೆಲೆಗಳ ಚಿಹ್ನೆ. ಸಂಕ್ರಾಂತಿಯ ಹಬ್ಬದ ಬೆನ್ನಿಗೆ, ೧೯೬೭ನೆಯ ಇಸವಿಯ ಜಾನೇವಾರಿ ೧೬ನೆಯ ತಾರೀಖಿಗೆ ಮತದಾನವಾಯಿತು. ಎಳ್ಳುಬೆಲ್ಲವನ್ನು ಕೊಟ್ಟು ಒಳ್ಳೆಯ ಮಾತಾಡಿರೆಂದು ಹೇಳುವ ಹಬ್ಬದ ವಾರದಲ್ಲಿಯೇ ಆ ಸೀಮೆಯು ಎರಡು ಹೋಳಾಗಿ ನಿಂತಿತ್ತು.

ಎರಡೆಲೆಗೆ ಬಿದ್ದ ಮತಗಳು ೧,೭೨,೧೯೧. ಹೂವಿಗೆ ಬಿದ್ದವು ೧,೩೮,೧೭೦. ಅಂತರವು ೩೪,೦೨೧. ಇಡೀ ಸೀಮೆಯ ಭವಿತವ್ಯವು ಇಷ್ಟರ ಮೇಲೆ ನಿರ್ಣಯವಾಯಿತು. ಪೆಡಣೆ, ಡಿಚೋಲಿ, ಸತ್ತರಿ ಮೊದಲಾದ ಕಡೆಗಳಲ್ಲಿ ವಿಲೀನದ ಒಲವು. ಸಾಷ್ಟಿಯಲ್ಲಿ ಅದರ ಪ್ರಬಲ ವಿರೋಧ. ಇದನ್ನು ಹಿಂದೂ ಕ್ರಿಸ್ತರ ಜಗಳವೆಂದು ಹೊರಗಿನವರು ಸುಲಭವಾಗಿ ಹೇಳಿಬಿಡುವರು. ಆದರೆ ಗೋವೆಯಲ್ಲಿ ಹಿಂದೂಗಳೇ ಹೆಚ್ಚಿನವರಾಗಿದ್ದರು. ಅವರೆಲ್ಲ ಒಂದೇ ಕಡೆಗೆ ಮತವಿತ್ತಿದ್ದರೆ ವಿಲೀನವು ಆಗಿಯೇ ಹೋಗುತ್ತಿತ್ತು. ಮತದ ಗೆರೆಯು ಮತಧರ್ಮದ ಗೆರೆಯ ಮೇಲೆಯೇ ಹಾಯ್ದುಹೋಗಲಿಲ್ಲ. ಒಂದೇ ಜಾತಿಯ, ಒಂದೇ ವಾಡೆಯ ಜನರ ನಡುವೆಯೂ ಹಾಯ್ದುಹೋಗಿತ್ತು.

ಇನ್ನು ಮರುದಿನದ ವಿಚಾರ. ಸೋತವರಿಗೆ ಕಡುದುಃಖವಾಯಿತು, ಗೆದ್ದವರು ಬೀದಿಬೀದಿಗಳಲ್ಲಿ ಕುಣಿದರು. ಈ ಸೀಮೆಯು ಇನ್ನು ಒಂದುಗೂಡಲಾರದೆಂದು ತಿಳಿಯಲು ಸಾಕಷ್ಟು ಕಾರಣವಿತ್ತು. ಆದರೆ ಎರಡೂವರೆ ತಿಂಗಳಲ್ಲಿಯೇ, ಮಾರ್ಚ ತಿಂಗಳ ಕೊನೆಗೆ, ಅಲ್ಲಿ ವಿಧಾನಸಭೆಯ ಚುನಾವಣೆಯಾಯಿತು. ಮೂವತ್ತು ಸ್ಥಳಗಳಲ್ಲಿ ಹದಿನಾರು ಬಾಂದೋಡಕರರ ಪಕ್ಷಕ್ಕೆ, ಹನ್ನೆರಡು ಸಿಕ್ವೇರಾ ಅವರ ಪಕ್ಷಕ್ಕೆ ದೊರೆತವು. ಯಾರ ಬೇಡಿಕೆಯನ್ನು ಜನರು ಜಾನೇವಾರಿಯಲ್ಲಿ ತಳ್ಳಿಹಾಕಿದ್ದರೋ ಅವರನ್ನೇ ಏಪ್ರಿಲ್ಲಿನಲ್ಲಿ ಮತ್ತೆ ಮುಖ್ಯಮಂತ್ರಿಗಳ ಗಾದಿಯ ಮೇಲೆ ಕೂಡ್ರಿಸಿದರು. ಬಾಂದೋಡಕರರು ೧೯೭೩ನೆಯ ಇಸವಿಯಲ್ಲಿ ದೇಹವಿಡುವ ವರೆಗೂ ಆ ಸ್ಥಾನದಲ್ಲಿದ್ದು, ತಾವು ಬಯಸದಿದ್ದ ಪ್ರತ್ಯೇಕ ಗೋವೆಯನ್ನೇ ಆಳಿದರು.

ಇದರಲ್ಲಿ ವಿಚಾರಶೀಲರು ಗಮನಿಸತಕ್ಕ ಸಂಗತಿಯೊಂದುಂಟು. ಗೋವೆಯ ಸಾಮಾನ್ಯ ಜನರು ಎರಡು ಪ್ರಶ್ನೆಗಳನ್ನು ಎರಡಾಗಿಯೇ ಇಟ್ಟರು. “ನಮ್ಮ ಸೀಮೆ ಪ್ರತ್ಯೇಕವಾಗಿರಲಿ” ಎಂಬದು ಒಂದು ಉತ್ತರ. “ಬಡವರ ಪಕ್ಷವನ್ನು ವಹಿಸುವವನು ಆಳಲಿ” ಎಂಬದು ಬೇರೊಂದು ಉತ್ತರ. ಮೊದಲನೆಯದರಲ್ಲಿ ಸೋತವನು ಎಲ್ಲದರಲ್ಲಿಯೂ ಅಯೋಗ್ಯನೆಂದು ಅವರು ಬಗೆಯಲಿಲ್ಲ. ಮತಪತ್ರವು ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವದು. ಅದರಲ್ಲಿ ಇಲ್ಲದ ಉತ್ತರಗಳನ್ನು ನಾವೇ ಓದಿಕೊಂಡಾಗ ಕೋಪವು ಹೆಚ್ಚುವದು. “ಅವನು ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಮತವಿತ್ತನು” ಎಂಬದು ಮತಪತ್ರದಲ್ಲಿರುವ ಮಾತು. “ಅವನಿಗೆ ನಾನು ಬೇಡವಾದೆನು” ಎಂಬದು ನಮ್ಮ ಕಲ್ಪನೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಸತ್ಯಕ್ಕೆ ಊನವಾದೀತು. ಕೇಳದೆ ಉಳಿದ ಪ್ರಶ್ನೆಯು ತಾನಾಗಿ ಸಾಯುವದಿಲ್ಲ. ಒಕ್ಕಲುಗಳ ಭೂಮಿಯ ಪ್ರಶ್ನೆಗೆ ಗೋವೆಯಲ್ಲಿ ತಡವಾಗಿಯಾದರೂ ಕಾಯದೆಯಿಂದ ಉತ್ತರ ದೊರೆಯಿತು. ಬಾಂದೋಡಕರರ ಮಗಳು ಶಶಿಕಲಾ ಕಾಕೋಡಕರರು ಮುಖ್ಯಮಂತ್ರಿಗಳಾಗಿದ್ದಾಗ, ೧೯೭೬ನೆಯ ಇಸವಿಯಲ್ಲಿ, ಉಳುವವರಿಗೆ ಭೂಮಿಯ ಒಡೆತನವನ್ನು ಕೊಡುವ ತಿದ್ದುಪಡಿಯಾಯಿತು. ಆದರೆ ಭಾಷೆಯ ಪ್ರಶ್ನೆಯು ಬೂದಿಯೊಳಗಿನ ಕೆಂಡದಂತೆ ಉಳಿದಿತ್ತು. ಮತದಾನವಾಗಿ ಸುಮಾರು ಇಪ್ಪತ್ತು ವರ್ಷಗಳ ಮೇಲೆ, ೧೯೮೬ನೆಯ ಇಸವಿಯಲ್ಲಿ, ಕೊಂಕಣಿ ಮರಾಠಿಗಳ ವಿವಾದವು ಬೀದಿಗಿಳಿಯಿತು, ಪ್ರಾಣಹಾನಿಯೂ ಆಯಿತು. ೧೯೮೭ನೆಯ ಇಸವಿಯ ಫೆಬ್ರುವಾರಿಯಲ್ಲಿ ಕೊಂಕಣಿಯನ್ನು ರಾಜ್ಯಭಾಷೆಯನ್ನಾಗಿ ಮಾಡಿ, ಮರಾಠಿಯ ಬಳಕೆಗೂ ಎಡೆಯಿಟ್ಟು ಕಾಯದೆಯಾದ ಮೇಲೆಯೇ ಅದು ತಣಿಯಿತು. ಅದೇ ವರ್ಷದ ಮೇ ೩೦ನೆಯ ತಾರೀಖಿಗೆ ಗೋವೆಯು ಪೂರ್ಣ ರಾಜ್ಯವಾಯಿತು. ಗೆದ್ದವರು ೧೯೬೭ರಲ್ಲಿಯೇ ಸೋತವರನ್ನು ಕರೆದು, “ನಿಮ್ಮ ಮನಸ್ಸಿನಲ್ಲಿ ಉಳಿದದ್ದೇನು?” ಎಂದು ಕೇಳಿದ್ದರೆ ಈ ಸಾವುನೋವು ತಪ್ಪುತ್ತಿತ್ತೋ ಏನೋ.

ಹೊರಗಿನ ದೇಶಗಳ ಕಥೆಯೂ ಇದನ್ನೇ ಹೇಳುವದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ೧೯೯೫ನೆಯ ಇಸವಿಯ ಅಕ್ಟೋಬರ ೩೦ನೆಯ ತಾರೀಖಿಗೆ, ತಾವು ಸ್ವತಂತ್ರರಾಗಬೇಕೇ ಎಂಬ ವಿಷಯಕ್ಕೆ ಮತವಾಯಿತು. ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಮತದಾರರು ಮತವಿತ್ತರು. ಬೇಡವೆಂದವರು ನೂರಕ್ಕೆ ೫೦.೫೮, ಬೇಕೆಂದವರು ೪೯.೪೨. ಆ ರಾತ್ರಿ ಸೋತ ಪಕ್ಷದ ಮುಖಂಡರಾದ ಜಾಕ್ ಪಾರಿಜೋ ಅವರು ವೇದಿಕೆಯ ಮೇಲೆ ನಿಂತು, ಹಣದ ಬಲದಿಂದಲೂ ಬೇರೆ ಮೂಲದಿಂದ ಬಂದು ನೆಲೆಸಿದವರ ಮತಗಳಿಂದಲೂ ತಮಗೆ ಸೋಲಾಯಿತೆಂಬ ಮಾತನ್ನಾಡಿದರು. ಮತವಿತ್ತವನು ಯಾವ ಕುಲದವನೆಂದು ಎಣಿಸಿದ ಆ ಒಂದು ಮಾತು ಅವರ ಸ್ವಂತ ಪಕ್ಷದವರಿಗೂ ತಲೆತಗ್ಗಿಸುವಂತೆ ಮಾಡಿತು. ಮರುದಿನವೇ ಅವರು ಅಧಿಕಾರ ಬಿಡುವದಾಗಿ ಸಾರಿದರು. ಮುಂದೆ ೨೦೦೦ದಲ್ಲಿ ಕೆನಡಾದ ಪಾರ್ಲಿಮೆಂಟು, ಇಂಥ ಮತದಾನದಲ್ಲಿ ಕೇಳುವ ಪ್ರಶ್ನೆಯು ಸಂದಿಗ್ಧವಾಗಿರಬಾರದೆಂದು ಕಾಯದೆಯನ್ನೇ ಮಾಡಿತು.

ಬ್ರಿಟನ್ನಿನ ಸಂಗತಿ ಇನ್ನೂ ಹತ್ತಿರದ್ದು. ಥೇಮ್ಸ್ ನದಿಯ ದಂಡೆಯಲ್ಲಿ ನಮ್ಮ ಬಸವೇಶ್ವರರ ಪ್ರತಿಮೆಯು ೨೦೧೫ನೆಯ ಇಸವಿಯಲ್ಲಿ ಅನಾವರಣವಾಯಿತು. ಅದರ ಮರುವರ್ಷ, ಜೂನ ೨೩ನೆಯ ತಾರೀಖಿಗೆ, ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಆ ದೇಶದವರು ಮತವಿತ್ತರು. ಬಿಡಬೇಕೆಂದವರು ನೂರಕ್ಕೆ ೫೧.೯, ಇರಬೇಕೆಂದವರು ೪೮.೧. ಇಂಗ್ಲೆಂಡ, ವೇಲ್ಸಗಳು ಬಿಡೋಣವೆಂದರೆ ಸ್ಕಾಟ್ಲೆಂಡ, ಉತ್ತರ ಐರ್ಲೆಂಡ ಹಾಗೂ ಲಂಡನ್ ಪಟ್ಟಣವು ಇರೋಣವೆಂದವು. ಮತದಾನಕ್ಕೆ ಒಂದು ವಾರ ಮೊದಲು ಜೋ ಕಾಕ್ಸ್ ಎಂಬ ಪಾರ್ಲಿಮೆಂಟಿನ ಸದಸ್ಯೆಯ ಕೊಲೆಯಾಗಿತ್ತು. ತಂದೆಯೊಂದು ಕಡೆ, ಮಗಳೊಂದು ಕಡೆ ಮತವಿತ್ತು ಮಾತು ಬಿಟ್ಟ ಮನೆಗಳು ಅಲ್ಲಿ ಅನೇಕ. ಆದರೆ ಅಲ್ಲಿಯ ಕೋಪವು ವರ್ಷಗಳ ವರೆಗೆ ಏಕೆ ಆರಲಿಲ್ಲ? ಬಿಡಬೇಕೋ ಇರಬೇಕೋ ಎಂದು ಕೇಳಿದರೇ ಹೊರತು, ಬಿಡುವದಾದರೆ ಯಾವ ಕರಾರಿನ ಮೇಲೆ ಬಿಡಬೇಕೆಂದು ಕೇಳಿರಲಿಲ್ಲ. ಉತ್ತರವಿಲ್ಲದ ಆ ಪ್ರಶ್ನೆಗೆ ಪ್ರತಿಯೊಬ್ಬನೂ ತನ್ನ ಉತ್ತರವೇ ಜನರ ಉತ್ತರವೆಂದು ಸಾರಿದನು. ಪ್ರಧಾನಿ ತೆರೇಸಾ ಮೇ ಅವರ ಕರಾರನ್ನು ಪಾರ್ಲಿಮೆಂಟು ೨೦೧೯ರಲ್ಲಿ ಮೂರು ಸಲ ತಳ್ಳಿಹಾಕಿತು. ಕೊನೆಗೆ ೨೦೨೦ದ ಜಾನೇವಾರಿ ೩೧ಕ್ಕೆ ಆ ದೇಶವು ಒಕ್ಕೂಟದಿಂದ ಹೊರಬಿದ್ದಿತು.

ನಮ್ಮ ಪೂರ್ವಿಕರು ಈ ವಿಷಯವನ್ನು ಚಿಂತಿಸದೆ ಇರಲಿಲ್ಲ. ಗೌತಮಮುನಿಗಳ ನ್ಯಾಯಶಾಸ್ತ್ರದಲ್ಲಿ ಚರ್ಚೆಯನ್ನು ಮೂರು ವಿಧವಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಲು ಮಾಡುವದು ವಾದ. ಗೆಲ್ಲಬೇಕೆಂದೇ ಮಾಡುವದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಕೆಡಹುವದಷ್ಟೇ ವಿತಂಡ. ಚುನಾವಣೆಯ ಕಾಲಕ್ಕೆ ಸ್ವಲ್ಪ ಜಲ್ಪವು ಅನಿವಾರ್ಯವೆಂದೇ ಇಟ್ಟುಕೊಳ್ಳೋಣ. ಎಣಿಕೆಯಾದ ಮೇಲೂ ಅದನ್ನೇ ಮುಂದುವರಿಸಿದರೆ ಅದು ವಿತಂಡಕ್ಕೆ ಇಳಿಯುವದು. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದವಾದಾಗ ಮಂಡನರ ಪತ್ನಿಯಾದ ಉಭಯಭಾರತಿಯೇ ಮಧ್ಯಸ್ಥೆಯಾಗಿದ್ದಳೆಂಬ ಐತಿಹ್ಯವನ್ನು ವಾಚಕರು ಬಲ್ಲರು. ಎದುರಾಳಿಯ ಹೆಂಡತಿಯೆಂದು ಒಬ್ಬರು ಶಂಕಿಸಲಿಲ್ಲ. ತನ್ನ ಹೆಂಡತಿಯೇ ತನಗೆ ವಿರುದ್ಧವಾಗಿ ನುಡಿದಳೆಂದು ಇನ್ನೊಬ್ಬರು ಮುನಿಯಲಿಲ್ಲ. ವಾದಕ್ಕೆ ಮೊದಲೇ ಇಬ್ಬರೂ ಆಕೆಯನ್ನು ಒಪ್ಪಿಕೊಂಡಿದ್ದರು. ಮತಪೆಟ್ಟಿಗೆಯೂ ಇಂಥ ಒಂದು ಮಧ್ಯಸ್ಥೆಯೇ. ಗೆದ್ದಾಗ ಮಾತ್ರ ಅದನ್ನು ಒಪ್ಪುವೆನೆಂಬವನು ಅದನ್ನು ಎಂದೂ ಒಪ್ಪಿರಲಿಲ್ಲವೆಂದೇ ತಿಳಿಯತಕ್ಕದ್ದು.

ಇದು ಸೋತವನ ಧರ್ಮ. ಗೆದ್ದವನ ಧರ್ಮವು ಇದಕ್ಕಿಂತ ಕಠಿಣವಾದದ್ದು. ಅದನ್ನು ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಕಾಣಬೇಕು. ಯುದ್ಧವನ್ನು ಗೆದ್ದ ಧರ್ಮರಾಜನು ನೂರು ಮಕ್ಕಳನ್ನು ಕಳೆದುಕೊಂಡ ಕುರುಡು ದೊಡ್ಡಪ್ಪನನ್ನು ಹದಿನೈದು ವರ್ಷ ತನ್ನ ಅರಮನೆಯಲ್ಲಿಟ್ಟುಕೊಂಡು, ಆತನ ಮನಸ್ಸು ನೋಯದಂತೆ ನಡೆಯಿರೆಂದು ಎಲ್ಲರಿಗೂ ಆಜ್ಞಾಪಿಸಿದನು. ಭೀಮನೊಬ್ಬನು ಮಾತ್ರ ಅದನ್ನು ಒಳಗಿನಿಂದ ಒಪ್ಪಲಿಲ್ಲ. ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿ, ಆತನ ಮಕ್ಕಳನ್ನು ಕೊಂದ ತೋಳುಗಳು ಇವೇ ಎಂದು ಹೇಳಿಕೊಳ್ಳುತ್ತಿದ್ದನು. ಧೃತರಾಷ್ಟ್ರನು ಕೊನೆಗೆ ಕಾಡಿಗೆ ಹೊರಟನು. ಆತನ ಹಿಂದೆ ಗಾಂಧಾರಿಯು ಹೊರಟಳು. ಆಕೆಯ ಹಿಂದೆ, ಗೆದ್ದವರ ತಾಯಿಯಾದ ಕುಂತಿಯೂ ಹೊರಟಳು. ಮಕ್ಕಳು ಎಷ್ಟು ಬೇಡಿಕೊಂಡರೂ ಆಕೆ ಹಿಂದಿರುಗಲಿಲ್ಲ. ಧರ್ಮರಾಜನ ಹದಿನೈದು ವರ್ಷಗಳ ಉಪಚಾರವನ್ನು ಒಬ್ಬ ತಮ್ಮನ ಚುಚ್ಚುಮಾತು ಅಳಿಸಿಹಾಕಿತು. ಗೆದ್ದ ಅಭ್ಯರ್ಥಿಯು ಸಜ್ಜನನಾಗಿದ್ದರೆ ಸಾಲದು. ಅವನ ಹಿಂದಿರುವ ಭೀಮರನ್ನು ಅವನು ತಡೆಯಬೇಕು. ಸೋತವನ ಬಾಗಿಲಲ್ಲಿಯೇ ಪಟಾಕಿಯನ್ನು ಸುಡುವವರೂ ಗುಲಾಲನ್ನು ಎರಚುವವರೂ ಅವರೇ.

ಹಾಗೆಂದು ಸೋತವನು ಬಾಯಿ ಮುಚ್ಚಿ ಕೂಡಬೇಕೆಂದು ನಾವು ಹೇಳುವದಿಲ್ಲ. ಅಲ್ಪಸಂಖ್ಯೆಯವರ ಮಾತು ನಿಂತುಹೋದರೆ ಪ್ರಜಾಪ್ರಭುತ್ವಕ್ಕೆ ಅರ್ಥವಿಲ್ಲ. ನಾಳೆ ಸತ್ಯವೆಂದು ಎಲ್ಲರೂ ಒಪ್ಪುವ ಮಾತು ಇಂದು ಸೋತಿರಬಹುದು. ಪಂಚಾಯತಿಯ ಲೆಕ್ಕವನ್ನು ಕೇಳಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ವಿರೋಧಿಸಲಿ, ಬರುವ ಚುನಾವಣೆಗೆ ಈಗಿನಿಂದಲೇ ಸಿದ್ಧನಾಗಲಿ. ಕೋಪವು ಗ್ರಾಮಸಭೆಯ ಬಾಗಿಲೊಳಗಿದ್ದರೆ ಊರಿಗೆ ಉಪಕಾರವೇ ಆಗುವದು. ಅದು ಅಲ್ಲಿಂದ ಹೊರಟು ಬಾವಿಗೆ, ಬಂಡಿದಾರಿಗೆ, ಅಡಿಗೆಯ ಮನೆಗೆ ಬಂದಾಗಲೇ ಅನರ್ಥವಾಗುವದು.

ಈ ಅನರ್ಥದ ಬೆಲೆಯನ್ನು ತೆರುವವರು ಯಾರು? ಬೆಂಗಳೂರಿನಲ್ಲಿಯೋ ದಿಲ್ಲಿಯಲ್ಲಿಯೋ ಇರುವ ಮುಖಂಡರಲ್ಲ. ಅವರು ಮರುದಿನವೇ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರು. ಬೆಲೆಯನ್ನು ತೆರುವವರು ನಾವು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂಬ ಮುಯ್ಯಾಳಿನ ಪದ್ಧತಿಯು ಮುರಿದರೆ ಹತ್ತಿಯ ಬಿಡಿಸಿಗೆ ಕೂಲಿಯಾಳು ಸಿಗದೆ ಕಂಗೆಡುವವನು ಮೇಡ್ಲೇರಿಯಂಥ ಊರಿನ ಸಣ್ಣ ಒಕ್ಕಲಿಗನು. ನಡುರಾತ್ರಿಯಲ್ಲಿ ಹೆರಿಗೆಯ ನೋವು ಬಂದ ಹೆಣ್ಣುಮಗಳನ್ನು ರಾಣೇಬೆನ್ನೂರಿಗೆ ಒಯ್ಯಲು ನೆರೆಯವನ ಗಾಡಿಯನ್ನು ಕೇಳಬಾರದೆಂದು ಹಿಂಜರಿಯುವವರು ಆಕೆಯ ಮನೆಯವರು. ದೊಡ್ಡವರು ಜಗುಲಿಯ ಮೇಲೆ ಆಡುವ ಮಾತನ್ನು ಕೇಳಿ ಶಾಲೆಯಲ್ಲಿ ಜೊತೆಗಾರನ ಪಕ್ಕವನ್ನು ಬಿಟ್ಟು ದೂರ ಕೂಡುವ ಮಗುವಿಗೆ ಮತವೆಂದರೇನೆಂಬದೇ ತಿಳಿಯದು. ದ್ವೇಷದ ಪಾಠವನ್ನು ಅದು ಶಾಲೆಯಲ್ಲಿ ಕಲಿತದ್ದಲ್ಲ, ಮನೆಯಿಂದ ತಂದದ್ದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮತ ಎಣಿಕೆಯ ದಿನ ರಾತ್ರಿ ಮಕ್ಕಳೆದುರಿಗೆ ಇನ್ನೊಬ್ಬರ ಹೆಸರೆತ್ತಿ ಬಯ್ಯದಿರೋಣ. ಗೆದ್ದ ಮನೆಯವರು ಮೂರು ದಿನಗಳೊಳಗಾಗಿ ಸೋತ ಮನೆಗೆ ತಾವಾಗಿ ಹೋಗಿ ಬರಲಿ. ರಾಜಕಾರಣದ ಮಾತು ಬೇಡ, ಆರೋಗ್ಯ ವಿಚಾರಿಸಿ ಬಂದರೆ ಸಾಕು. ಸೋತ ಮನೆಯವರು ಬಂದವರಿಗೆ ನೀರು ಬೆಲ್ಲವನ್ನು ಕೊಡಲಿ. ಮೊದಲು ಯಾರು ಮಾತಾಡಬೇಕೆಂಬ ಗಂಡಸರ ಹಟಕ್ಕೆ ಸಿಕ್ಕು ಇದು ನಿಂತರೆ, ಮನೆಯ ಹೆಣ್ಣುಮಕ್ಕಳು ಮುಂದೆ ಬರಲಿ. ಅರಿಷಿಣ ಕುಂಕುಮಕ್ಕೆ ಕರೆಯಲು ಯಾವ ಪಕ್ಷದ ಅಪ್ಪಣೆಯೂ ಬೇಕಿಲ್ಲ. ನಮ್ಮ ಕಡೆಗೆ ವಿಜಯದಶಮಿಯ ಸಾಯಂಕಾಲ ಬನ್ನಿಯನ್ನು ಕೊಟ್ಟು ತಗೊಂಡು, ಬಂಗಾರದಂತೆ ಇರೋಣವೆಂದು ಹೇಳುವ ಪದ್ಧತಿಯುಂಟಷ್ಟೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಮುಖವೆತ್ತಿ ನೋಡಲು ಒಂದು ನೆವ ಸಿಗಲೆಂದೇ ಹಿರಿಯರು ಇದನ್ನು ಇಟ್ಟಂತೆ ತೋರುವದು. ಆ ನೆವಕ್ಕಾಗಿ ದಸರೆಯ ವರೆಗೆ ಕಾಯಬೇಕೆಂಬ ನಿಯಮವೇನೂ ಇಲ್ಲ.

ಯಾರು ಆಳಬೇಕೆಂಬದನ್ನು ಮತವು ಹೇಳುವದು. ಆಳಿಸಿಕೊಳ್ಳುವವರು ಹೇಗೆ ಬಾಳಬೇಕೆಂಬದನ್ನು ನಾವೇ ನಿರ್ಣಯಿಸಬೇಕು. ಅಲಮತಿವಿಸ್ತರೇಣ.